ಜಾದೂ ಪೋರಿಗೆ ಬೋ ಹೊಲಿದ ಲಕ್ಷ್ಮವ್ವ

ಲಕ್ಷ್ಮವ್ವನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಇದು ವಿನಯದ ಮಾತಲ್ಲ, ಓದುತ್ತಾ ಹೋದರೆ ನಿಮಗೇ ತಿಳಿಯುತ್ತದೆ. ಆದರೆ ಆಕೆಯ ಕೈಕೆಲಸವನ್ನು ಹತ್ತಿರದಿಂದ ಕಂಡವರಲ್ಲಿ ಕನ್ನಡ ಬರೆಯಬಲ್ಲವನು ನಾನೊಬ್ಬನೇ. ನಾನು ಬರೆಯದಿದ್ದರೆ ಆಕೆಯ ಹೆಸರು ಎಲ್ಲೂ ಇರುವುದಿಲ್ಲ. ಆಕೆ ಹೊಲಿದದ್ದನ್ನು ತೊಟ್ಟು ಕುಣಿದ ಅಮೆರಿಕದವರಿಗಂತೂ ಅದು ಗೊತ್ತಾಗುವ ಮಾತೇ ಇಲ್ಲ.

ಬೊಂಬಾಯಿಯ ಜೋಗೇಶ್ವರಿ ಪೂರ್ವದ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಹಡಿಯಲ್ಲಿ ನಮ್ಮ ಗಾರ್ಮೆಂಟ್ ಯೂನಿಟ್ ಇತ್ತು. ಅರವತ್ತು ಮಶೀನು, ಎರಡು ಕಟಿಂಗ್ ಟೇಬಲ್ಲು, ತಿರುಗದ ನಾಲ್ಕು ಫ್ಯಾನು, ಒಬ್ಬ ಸೇಠ್. ನಾನು ಸೂಪರ್‌ವೈಸರ್. ಮೈಸೂರಿನಲ್ಲಿ ಬಿ.ಕಾಂ. ಮುಗಿಸಿ, ಮಲಾಡಿನ ಸೋದರಮಾವನ ಮನೆಯಲ್ಲಿ ಒಂದು ತಿಂಗಳು ಇದ್ದು ಹೋಗೋಣವೆಂದು ಬಂದವನು ಹದಿಮೂರು ವರ್ಷದಿಂದ ಮಲಾಡಿನಲ್ಲೇ ಬೇರುಬಿಟ್ಟಿದ್ದೆ. ನಾರಾಯಣ ಎಂಬ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ. ಮನೆಯಲ್ಲಿ ನಾಣಿ, ಫ್ಲೋರಿನಲ್ಲಿ ನಾಣಿ ಸಾಬ್. ಸೇಠ್ ಎದುರಿಗೆ ಬೆಕ್ಕಿನ ಹಾಗಿದ್ದು ಟೈಲರುಗಳ ಎದುರಿಗೆ ಹುಲಿಯ ಹಾಗಿರುವುದೇ ಸೂಪರ್‌ವೈಸರನ ಕೆಲಸ ಎಂದು ನಾನು ತಿಳಿದಿದ್ದೆ. ಬೆಕ್ಕಿನ ಪಾತ್ರವನ್ನು ಚೆನ್ನಾಗಿಯೇ ಮಾಡಿದೆ.

ಲಕ್ಷ್ಮವ್ವ ಬಾಗಲಕೋಟೆ ಕಡೆಯವಳು. ನಲವತ್ತೈದರ ಆಸುಪಾಸು, ಇಳಕಲ್ ಸೀರೆ, ಹಣೆಯಲ್ಲಿ ಕಾಸಿನಗಲ ಕುಂಕುಮ, ಸೆರಗಿನ ಅಂಚಿಗೆ ಸದಾ ಚುಚ್ಚಿಕೊಂಡ ಒಂದು ಸೂಜಿ. ಗಂಡ ದಾನಪ್ಪ ಗೌಂಡಿ. ಮಲಾಡಿನಲ್ಲಿ ಏಳುತ್ತಿದ್ದ ಬಿಲ್ಡಿಂಗುಗಳಲ್ಲಿ ಕೆಲಸ. ಮಕ್ಕಳಿಲ್ಲ. ಇಬ್ಬರೂ ಜೋಗೇಶ್ವರಿ ಸ್ಟೇಷನ್ನಿನಿಂದ ಹತ್ತು ನಿಮಿಷ ದೂರದ ಚಾಳ್ ಒಂದರಲ್ಲಿದ್ದರು. ನಮ್ಮಲ್ಲಿ ಆಕೆಯದು ಕೈಹೊಲಿಗೆ ಕೆಲಸ: ಗುಂಡಿ, ಹುಕ್ಕು, ಬಿಟ್ಟುಹೋದ ಅಂಚು. ಮಶೀನಿನ ಮೇಲೆ ಕೂರು ಎಂದರೆ ಕೂರುತ್ತಿರಲಿಲ್ಲ. "ಮಶೀನಿಗೆ ಕಣ್ಣ ಇರೂದಿಲ್ರಿ ಸಾಹೇಬ್ರ, ಅದು ಓಡತದ ಅಷ್ಟ," ಎನ್ನುವಳು. ಫ್ಲೋರಿನಲ್ಲಿ ಕನ್ನಡದವರು ನಾವಿಬ್ಬರೇ. ಮಧ್ಯಾಹ್ನ ತನ್ನ ಡಬ್ಬಿಯಿಂದ ಶೇಂಗಾ ಚಟ್ನಿಯನ್ನು ಒಂದು ಕಾಗದಕ್ಕೆ ಸುರಿದು ನನ್ನ ಟೇಬಲ್ಲಿನ ಮೇಲಿಟ್ಟು ಹೋಗುವಳು. ನನ್ನ ಹೆಂಡತಿ ಶಾಮಲಾ ಕಟ್ಟಿಕೊಟ್ಟ ಮೊಸರನ್ನಕ್ಕೆ ಅದನ್ನು ನಂಚಿಕೊಂಡು ತಿನ್ನುತ್ತಿದ್ದೆ. ಮೂರು ವರ್ಷ ಹಾಗೆ ತಿಂದಿದ್ದೇನೆ.

1990ರ ಜನವರಿಯಲ್ಲಿ ಮಿಸೆಸ್ ಪಿರೇರಾ ಬಂದರು. ವಿಲೆ ಪಾರ್ಲೆಯವರು, ಅಮೆರಿಕದ ಬೈಯರುಗಳ ಪರವಾಗಿ ಇಲ್ಲಿ ಮಾಲು ಪರೀಕ್ಷೆ ಮಾಡಿ ಪಾಸು ಮಾಡುವವರು. ಅವರ ಬ್ಯಾಗಿನಿಂದ ಒಂದು ವಿಡಿಯೋ ಕ್ಯಾಸೆಟ್ ಹೊರಬಂತು. ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ಹೆಂಗಸರು ಸೇರಿ ಅಂಚೆಯಲ್ಲಿ ಬಟ್ಟೆ ಮಾರುವ ಸಣ್ಣ ಕಂಪನಿ ಇಟ್ಟಿದ್ದಾರೆ, ಅವರಿಗೆ ಈ ಕಾರ್ಟೂನಿನ ಹುಡುಗಿಯ ಡ್ರೆಸ್ಸು ಬೇಕು ಎಂದರು. ಕಾರ್ಟೂನು ಜಪಾನಿನದು. ಅಮೆರಿಕದ ಟಿವಿಯಲ್ಲಿ ಬರುವುದೂ ಇಲ್ಲವಂತೆ. ಯಾರೋ ಜಪಾನಿನಿಂದ ತಂದ ಟೇಪನ್ನು ಇನ್ನೊಬ್ಬರು ಕಾಪಿ ಮಾಡಿ, ಅದನ್ನು ಮತ್ತೊಬ್ಬರು ಕಾಪಿ ಮಾಡಿ, ಊರಿಂದೂರಿಗೆ ಅಂಚೆಯಲ್ಲಿ ಕಳಿಸಿಕೊಂಡು ನೋಡುತ್ತಾರಂತೆ. ಭಾಷೆ ಗೊತ್ತಿಲ್ಲ, ಯಾರೋ ಪುಣ್ಯಾತ್ಮರು ಮಾತುಗಳನ್ನೆಲ್ಲ ಇಂಗ್ಲಿಷಿಗೆ ಮಾಡಿ ಟೈಪು ಹೊಡೆದ ಹಾಳೆಗಳನ್ನು ಟೇಪಿನ ಜೊತೆ ಹಂಚುತ್ತಾರೆ. ಅದನ್ನು ಮಡಿಲಲ್ಲಿಟ್ಟುಕೊಂಡು ದೊಡ್ಡದೊಡ್ಡವರು ಟಿವಿ ಮುಂದೆ ಕೂರುತ್ತಾರೆ. ನನಗೆ ನಗು ಬಂತು. ತಿಂದದ್ದು ಅರಗದ ಜನ ಎಂದುಕೊಂಡೆ.

ಡ್ರೆಸ್ಸು ಸರಿಯಾಗಿ ಬರಬೇಕಾದರೆ ಹೊಲಿಯುವವರು ಟೇಪು ನೋಡಲೇಬೇಕು ಎಂದು ಬೈಯರ ಅಪ್ಪಣೆ. ಸೇಠ್ ಎಲ್ಲಿಂದಲೋ ಅಮೆರಿಕದ ಟೇಪು ಓಡಿಸುವ ವಿಸಿಆರ್ ಬಾಡಿಗೆಗೆ ತರಿಸಿದರು. ಕಟಿಂಗ್ ಟೇಬಲ್ಲಿನ ಮೇಲೆ ಟಿವಿ ಇಟ್ಟು, ಮಶೀನು ನಿಲ್ಲಿಸಿ, ಇಡೀ ಫ್ಲೋರು ನೆಲದ ಮೇಲೆ ಕೂತಿತು. ನಾನು ಇಂಗ್ಲಿಷ್ ಹಾಳೆ ನೋಡಿ ಹಿಂದಿಯಲ್ಲಿ ಕಥೆ ಹೇಳುತ್ತಾ ಹೋದೆ. ಕಾಪಿಯ ಕಾಪಿಯಾದ್ದರಿಂದ ಪರದೆಯ ತುಂಬ ಬಿಳಿ ಚುಕ್ಕೆ. ಅಜ್ಜಿಯ ಕೊಡೆ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ. ಕೆಂಪು ಕೊಡೆಯೊಂದನ್ನು ಬಿಚ್ಚಿ ಗಿರಗಿರನೆ ತಿರುಗಿಸಿದಳೆಂದರೆ ಮೈಮೇಲಿನ ಹಳೇ ಬಟ್ಟೆ ಮಾಯವಾಗಿ ಬೆಳ್ಳಗಿನ, ನೆರಿಗೆ ತುಂಬಿದ ಗೇರುದಾರ್ ಫ್ರಾಕು, ಬೆನ್ನಿಗೆ ಚಿಟ್ಟೆಯ ರೆಕ್ಕೆಯಂತೆ ಗಂಟು ಕಟ್ಟಿದ ಒಂದು ದೊಡ್ಡ ಕೆಂಪು ಬೋ. ಹಾಗೆ ಬದಲಾಗಿ ಹೋಗಿ, ಯಾರದೋ ಕಳೆದ ಮಗುವನ್ನು ಹುಡುಕಿಕೊಡುವಳು, ಯಾರದೋ ಮನೆ ಜಗಳ ಬಿಡಿಸುವಳು. ಮಾಡಿದ್ದು ತಾನೆಂದು ಯಾರಿಗೂ ಹೇಳುವಂತಿಲ್ಲ, ಹೇಳಿದರೆ ಶಕ್ತಿ ಹೋಗುತ್ತದೆ. ನಮ್ಮ ಟೈಲರುಗಳು ಅವಳಿಗೆ ಅಲ್ಲೇ ಜಾದೂ ಪೋರಿ ಎಂದು ಹೆಸರಿಟ್ಟರು.

ಲಕ್ಷ್ಮವ್ವ ಮುಂದೆಯೇ ಕೂತು ಕಣ್ಣು ಮಿಟುಕಿಸದೆ ನೋಡಿದಳು. ಮುಗಿದ ಮೇಲೆ ಕೇಳಿದ್ದು ಒಂದೇ: "ಆ ಬೋ ಜೋತ ಬೀಳೂದ ಇಲ್ಲಲ್ರಿ ಸಾಹೇಬ್ರ? ಓಡಿದ್ರೂ ನೆಟ್ಟಗ ನಿಂತಿರತದ."

ತೊಂದರೆ ಇದ್ದದ್ದೂ ಅಲ್ಲೇ. ಚಿತ್ರ ಬರೆಯುವವನಿಗೇನು, ಬೋ ನಿಲ್ಲಿಸಿಬಿಡುತ್ತಾನೆ. ಸ್ಯಾಟಿನ್ ಬಟ್ಟೆ ನಿಲ್ಲಬೇಕಲ್ಲ. ನಮ್ಮ ಕಟಿಂಗ್ ಮಾಸ್ಟರು ಒಳಗೆ ಹತ್ತಿ ತುಂಬಿ ಹೊಲಿದ ಮೊದಲ ಸ್ಯಾಂಪಲ್ಲು ದಿಂಬಿನ ಹಾಗಿತ್ತು. ಎರಡನೆಯದಕ್ಕೆ ದಪ್ಪ ಬಕ್ರಮ್ ಕೊಟ್ಟರು. ಅದು ರಟ್ಟಿನ ಹಾಗೆ ಸೆಟೆದು ನಿಂತಿತು. ಎರಡೂ ವಾಪಸು ಬಂದವು. ಮೂರನೆಯದೂ ಹೋದರೆ ಆರ್ಡರು ಕೈತಪ್ಪುತ್ತದೆ, ಆರ್ಡರು ತಪ್ಪಿದರೆ ನಿನ್ನ ಮುಖ ನೋಡುವುದಿಲ್ಲ ಎಂದು ಸೇಠ್ ನನಗೆ ಹೇಳಿದರು. ನಾನು ಹೋಗಿ ಲಕ್ಷ್ಮವ್ವನ ಮುಂದೆ ನಿಂತೆ.

ಆಕೆ ಎರಡು ದಿನ ತೆಗೆದುಕೊಂಡಳು. ತೆಳ್ಳಗಿನ ಮಲ್ ಬಟ್ಟೆಯನ್ನು ಮೂರು ಪದರ ಒಳಗಿಟ್ಟು, ಮೇಲೆ ಸ್ಯಾಟಿನ್ ಹೊದಿಸಿ, ತಮ್ಮ ಊರಲ್ಲಿ ಹಳೇ ಸೀರೆಗಳಿಂದ ಕೌದಿ ಹೊಲಿಯುತ್ತಾರಲ್ಲ, ಹಾಗೆ ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಸಣ್ಣ ಟಾಕು ಹಾಕುತ್ತಾ ಹೋದಳು. ಮುಗಿದಾಗ ಆ ಬೋ ನಿಂತಿತ್ತು. ಹಿಚುಕಿದರೆ ಮೆತ್ತಗೆ, ಬಿಟ್ಟರೆ ಮತ್ತೆ ತಾನೇ ಎದ್ದು ನಿಲ್ಲುತ್ತಿತ್ತು. ಮೂರು ವಾರಕ್ಕೆ ಬೈಯರಿಂದ ಒಪ್ಪಿಗೆಯ ಟೆಲೆಕ್ಸ್ ಬಂತು. ಈ ಬೋ ಮಾಡಿದ ಕೈಗೆ ತಮ್ಮ ಮೆಚ್ಚುಗೆ ತಿಳಿಸಬೇಕು ಎಂದೂ ಅದರಲ್ಲಿತ್ತು. ಸೇಠ್ ಅದನ್ನು ಓದಿ ನನ್ನ ಕೈ ಕುಲುಕಿದರು. ನಾನು ಕೈ ಕೊಟ್ಟೆ. ನನ್ನ ಮೊದಲ ಕಳ್ಳತನ ಅದೇ.

ಖುಷಿಗೆ ಲಕ್ಷ್ಮವ್ವ ಒಂದು ಗುಟ್ಟು ಹೇಳಿದಳು. ಅವರ ಕಡೆ ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯನ್ನು ಸುಮ್ಮನೆ ಮುಚ್ಚುವುದಿಲ್ಲವಂತೆ. ಒಂದು ಚೂರು ರೊಟ್ಟಿಯೋ ನಾಲ್ಕು ಕಾಳೋ ಒಳಗಿಟ್ಟೇ ಮುಚ್ಚುತ್ತಾರೆ. "ಕೌದಿ ಹಸದಿರಬಾರದಂತ್ರಿ. ಹಸದ ಕೌದಿ ಹೊದ್ದರ ನಿದ್ದಿ ಹತ್ತೂದಿಲ್ಲಂತ ನಮ್ಮವ್ವ ಹೇಳತಿದ್ಲು. ಇದೂ ಕೌದಿ ಹೊಲಿಗೀನ ಅಲ್ಲೇನ್ರಿ? ಪರದೇಶಕ್ಕ ಹೊಂಟಿತ್ತು. ನಾಕು ಜ್ವಾಳದ ಕಾಳು ಹುರದು ಗಂಟಿನಾಗ ಇಟ್ಟೆ."

ಹುರಿದದ್ದು ಏಕೆಂದರೆ ಹುಳ ಹಿಡಿಯಬಾರದೆಂದು. ಇದನ್ನು ಆಕೆ ಅವತ್ತೇ ಹೇಳಿದ್ದಳು, ನಾನು ಅವತ್ತೇ ಕೇಳಿಸಿಕೊಂಡಿದ್ದೆ.

ಈಗ ನನ್ನ ವಿಷಯ. ನಾನು, ಬೆಕ್ಕು ಅಡ್ಡ ಬಂದರೆ ಲೋಕಲ್ ರೈಲು ತಪ್ಪಿದರೂ ಸರಿ, ಎರಡು ನಿಮಿಷ ನಿಲ್ಲುವವನು. ಎರಡು ಸ್ಯಾಂಪಲ್ ಬಿದ್ದವು, ಕಾಳಿಟ್ಟದ್ದು ಗೆದ್ದಿತು ಎಂದ ಮೇಲೆ ನನ್ನ ತಲೆಯಲ್ಲಿ ಬೇರೆ ಲೆಕ್ಕ ಉಳಿಯಲಿಲ್ಲ. ಆರುನೂರು ಪೀಸಿನ ಆರ್ಡರು ಫ್ಲೋರಿಗೆ ಬಂದಾಗ ಲಕ್ಷ್ಮವ್ವನನ್ನು ಕರೆದು, ಪ್ರತಿ ಲಾಟಿನ, ಅಂದರೆ ಒಂದು ಸಲಕ್ಕೆ ಕತ್ತರಿಸಿ ಬಂದ ಕಟ್ಟಿನ, ಮೊದಲ ಪೀಸಿನ ಬೋದಲ್ಲಿ ಕಾಳು ಹಾಕಿ ಎಂದೆ. ಆಕೆಗೆ ಅದು ಹಿಡಿಸಲಿಲ್ಲ.

"ಎಲ್ಲಾದಕ್ಕೂ ಯಾಕ್ರಿ ಸಾಹೇಬ್ರ? ಹುಟ್ಟಿದ್ದಕ್ಕ ಒಂದ ಸಲ ಬಾಯಿಗೆ ಇಟ್ಟದ್ದಾತು. ಇದೇನು ಪ್ರಸಾದ ಹಂಚೂದಲ್ಲ."

"ಹಾಕಿ ಲಕ್ಷ್ಮವ್ವ. ನಾನು ಹೇಳ್ತಿದ್ದೀನಲ್ಲ, ಏನಾದ್ರೂ ಬಂದ್ರೆ ನಾನು ನೋಡ್ಕೋತೀನಿ."

ಈ ಮಾತನ್ನು ನಾನು ಆಡಿದೆ. ಒತ್ತಾಯವೇನೂ ಇರಲಿಲ್ಲ, ಯಾರೂ ನನ್ನ ಬಾಯಿಂದ ಆಡಿಸಲಿಲ್ಲ.

ಆರುನೂರು ಪೀಸು ಏಪ್ರಿಲ್‌ನಲ್ಲಿ ಹೋಯಿತು. ಜುಲೈಯಲ್ಲಿ ಮಿಸೆಸ್ ಪಿರೇರಾ ಒಂದು ಫೋಟೋ ತಂದರು. ಅಮೆರಿಕದ ಯಾವುದೋ ಹೋಟೆಲಿನ ಹಾಲು. ಈ ಕಾರ್ಟೂನಿನ ಹುಚ್ಚು ಹಿಡಿದವರೆಲ್ಲ ದೂರದೂರದ ಊರುಗಳಿಂದ ಬಂದು ಮೂರು ದಿನ ಸೇರುವ ಜಾತ್ರೆಯಂಥದ್ದು. ನಲವತ್ತು ಜನರ ಬೆನ್ನಿನ ಮೇಲೆ ನಮ್ಮ ಬೋ. ಚಿಕ್ಕ ಹುಡುಗಿಯರಿದ್ದರು, ಕಾಲೇಜು ಹುಡುಗಿಯರಿದ್ದರು, ಕನ್ನಡಕದ ಅಜ್ಜಿಯೊಬ್ಬಳಿದ್ದಳು, ಕೊನೆಯಲ್ಲಿ ಪೊದೆ ಗಡ್ಡದ ಗಂಡಸೊಬ್ಬ ಕೆಂಪು ಕೊಡೆ ಹಿಡಿದು ಹಲ್ಲು ಬಿಡುತ್ತಿದ್ದ. ಬೇಡಿಕೆ ತಡೆಯಲಾಗುತ್ತಿಲ್ಲ, ಮೂರು ಸಾವಿರ ಪೀಸು ಬೇಕು, ಅರ್ಧದಷ್ಟು ದೊಡ್ಡವರ ಸೈಜಿನಲ್ಲಿ ಬೇಕು ಎಂದು ಆರ್ಡರು. ಫ್ಲೋರಿನಲ್ಲಿ ನಗುವೋ ನಗು. ಗಡ್ಡದವನಿಗೆ ಯಾರ ಮಶೀನಿನ ಫ್ರಾಕು ಹೋಯಿತು ಎಂದು ಒಬ್ಬರನ್ನೊಬ್ಬರು ರೇಗಿಸಿದರು. ನಾನೂ ಸೇರಿಕೊಂಡು ಅಮೆರಿಕದವರಿಗೆ ಬೇರೆ ಕೆಲಸವಿಲ್ಲ ಎಂದೆ.

ಲಕ್ಷ್ಮವ್ವ ಮಾತ್ರ ನಗಲಿಲ್ಲ. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ನಗಬ್ಯಾಡ್ರಿ ಸಾಹೇಬ್ರ. ನಮ್ಮ ಬಾಗಲಕೋಟ್ಯಾಗ ಹೋಳಿ ಹುಣ್ಣಿವಿಗೆ ಸೋಗಿನ ಬಂಡಿ ತಗೀತಾರ. ದೊಡ್ಡ ದೊಡ್ಡ ಗಂಡಸರು ಸೀರಿ ಉಟ್ಟು ದೇವಿ ಆಗಿ ಬಂಡಿ ಮ್ಯಾಲ ನಿಂದರತಾರ. ಆ ಹೊತ್ತಿನಾಗ ಅವ ಕಾಯಿಪಲ್ಯಾ ಮಾರಾಂವ ಅಂತ ಯಾರೂ ನೆನಸೂದಿಲ್ಲ. ಇವರಿಗೂ ವರ್ಷಕ್ಕ ಒಂದ ದಿನರ ಬ್ಯಾರೆ ಏನರ ಆಗಬೇಕನಸತದ. ಅದರಾಗ ತಪ್ಪೇನೈತ್ರಿ?"

ನಾನು ಬಿ.ಕಾಂ. ಓದಿದವನು, ಟೇಪಿನ ಹಾಳೆಯನ್ನೆಲ್ಲ ಹಿಂದಿ ಮಾಡಿ ಹೇಳಿದವನು. ಆ ಜನಕ್ಕೆ ಆ ಹುಡುಗಿಯ ಮೇಲೆ ಅಷ್ಟು ಪ್ರೀತಿ ಯಾಕೆ ಎಂದು ತಿಳಿದದ್ದು ಕೌದಿ ಹೊಲಿಯುವ ಲಕ್ಷ್ಮವ್ವನಿಗೆ. ದೊಡ್ಡವರ ಸೈಜಿಗೆ ಬೋ ಹೇಗಿರಬೇಕೆಂದು ಆಕೆ ಯಾರನ್ನೂ ಕೇಳದೆ ಗೀಟು ಹಾಕಿಕೊಂಡಳು. ಭುಜ ಅಗಲವಾದರೆ ಬೋ ಅಗಲವಾಗಬೇಕು, ಗಂಟು ಸ್ವಲ್ಪ ಮೇಲೆ ಬರಬೇಕು, ಇಲ್ಲದಿದ್ದರೆ ನಗೆಪಾಟಲಾಗುತ್ತದೆ, ಅವರನ್ನು ನಗೆಪಾಟಲು ಮಾಡಬಾರದು ಎಂದಳು.

ಮೂರು ಸಾವಿರ ಪೀಸು ಎಂದರೆ ಒಬ್ಬಳಿಂದ ಆಗುವ ಕೆಲಸವಲ್ಲ. ಆರು ಜನ ಹೆಂಗಸರನ್ನು ಕೂರಿಸಿಕೊಂಡು ಟಾಕು ಕಲಿಸಿದಳು. ಗಂಟನ್ನು ಮಾತ್ರ ತಾನೇ ಮುಚ್ಚುತ್ತಿದ್ದಳು. ಲಾಟಿನ ಮೊದಲ ಪೀಸು ಬಂದಾಗ ನಾನು ನೆನಪಿಸುತ್ತಿದ್ದೆ. ಒಂದು ಬೆಳಿಗ್ಗೆ, ಇವತ್ತು ಕಾಳು ಹುರಿದು ತಂದಿಲ್ಲ, ನಾಳೆ ಮುಚ್ಚುತ್ತೇನೆ ಎಂದಳು. ನನಗೆ ಆತುರ. ಅವತ್ತೇ ಹತ್ತಿರದ ಮಾರ್ಕೆಟ್ಟಿನಿಂದ ನಾನೇ ಅರ್ಧ ಕಿಲೋ ಜೋಳ ಕೊಂಡು ತಂದು ಆಕೆಯ ಮುಂದಿಟ್ಟೆ. ಆಕೆ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು ನೋಡಿದಳು.

"ಹಳೀ ಜ್ವಾಳ ಅದಾವ್ರಿ ಇವು. ಹುರೀಬೇಕು."

"ನಾಲ್ಕು ಕಾಳಿಗೆ ಹುರಿಯೋದೇನು, ಹಾಕಿ ಮುಚ್ಚಿ," ಎಂದೆ. ಹಾಕಿ ಮುಚ್ಚಿದಳು. ಮುಂದಿನ ಇಪ್ಪತ್ತು ಲಾಟಿಗೂ ಅದೇ ಜೋಳ.

ಆ ವರ್ಷ ಮಳೆ ಬಿಡಲಿಲ್ಲ. ಹಡಗಿನ ಬುಕಿಂಗು ತಡವಾಗಿ, ಪ್ಯಾಕಾದ ರಟ್ಟಿನ ಪೆಟ್ಟಿಗೆಗಳು ತೇವದ ಗೋದಾಮಿನಲ್ಲಿ ಐದು ವಾರ ಕೂತವು. ಸೆಪ್ಟೆಂಬರಿನಲ್ಲಿ ಮಿಸೆಸ್ ಪಿರೇರಾ ಕೊನೆಯ ಪರೀಕ್ಷೆಗೆ ಬಂದು ಒಂದು ಪೆಟ್ಟಿಗೆ ಬಿಚ್ಚಿಸಿದರು. ಬಿಳೀ ಸ್ಯಾಟಿನ್ ಮೇಲೆ ಕಂದು ಬಣ್ಣದ ಒಂದು ನುಸಿ ಹುಳ ಯಾರ ಹಂಗೂ ಇಲ್ಲದೆ ನಡೆದು ಹೋಗುತ್ತಿತ್ತು. ಅವರು ಕೂಗಾಡಲಿಲ್ಲ. ಕತ್ತರಿ ತರಿಸಿ ಬೋದ ಗಂಟನ್ನು ಕತ್ತರಿಸಿ, ಟೊಳ್ಳಾದ ನಾಲ್ಕು ಜೋಳದ ಕಾಳನ್ನು ಒಂದು ಬಿಳೀ ಕಾಗದದ ಮೇಲೆ ಸುರಿದು, ಸೇಠ್ ಮುಂದೆ ಇಟ್ಟರು. ಮಕ್ಕಳ ಬಟ್ಟೆಯಲ್ಲಿ ಹುಳ ಸಿಕ್ಕರೆ ಅಮೆರಿಕದ ಬಂದರಿನಲ್ಲಿ ಇಡೀ ಮಾಲು ಸುಡುತ್ತಾರೆ, ಮೂರು ಸಾವಿರ ಬೋ ಬಿಚ್ಚಿ ತೋರಿಸದೆ ನಾನು ಸಹಿ ಹಾಕುವುದಿಲ್ಲ ಎಂದರು.

ಸೇಠ್ ಲಕ್ಷ್ಮವ್ವನನ್ನು ಕ್ಯಾಬಿನ್ನಿಗೆ ಕರೆಸಿದರು. ಹದಿನೈದು ವರ್ಷ ಬೊಂಬಾಯಿಯಲ್ಲಿದ್ದರೂ ಆಕೆ ಹಿಂದಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ತರಕಾರಿಯವನ ಜೊತೆ ಕೂಡ ಕೈಸನ್ನೆಯಲ್ಲೇ ವ್ಯವಹಾರ. ಹಾಗಾಗಿ ಅವತ್ತೂ ಮಧ್ಯೆ ನಿಂತು ಅತ್ತಿತ್ತ ಮಾತು ದಾಟಿಸುವ ಕೆಲಸ ನನಗೇ ಬಂತು.

ನೀನು ಹಾಕಿದೆಯಾ ಎಂದು ಸೇಠ್ ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಆಕೆ ಹೌದು ಎಂದು ತಲೆಯಾಡಿಸಿದಳು.

"ಕಿಸ್‌ನೆ ಬೋಲಾ ಡಾಲ್‌ನೇ ಕೋ?"

"ಯಾರು ಹಾಕೋಕೆ ಹೇಳಿದ್ರು ಅಂತ ಕೇಳ್ತಿದ್ದಾರೆ," ಎಂದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಎನಿಸಿತು.

ಲಕ್ಷ್ಮವ್ವ ನನ್ನ ಮುಖ ನೋಡಿದಳು. ಸಿಟ್ಟಿನಿಂದಲ್ಲ. ಬಸ್ಸಿನಲ್ಲಿ ನಮ್ಮ ಟಿಕೆಟ್ಟು ತೆಗೆಸುವವರು ಜೊತೆಯಲ್ಲಿದ್ದರೆ ಕಂಡಕ್ಟರು ಬಂದಾಗ ಅವರ ಕಡೆ ನೋಡುತ್ತೇವಲ್ಲ, ಅಷ್ಟು ಸಹಜವಾಗಿ.

"ನೀವು ಹೇಳಿದ್ರಿ, ನಾ ಹಾಕಿದೆ. ಹಂಗಂತ ಅವರಿಗೆ ಹೇಳ್ರಿ ಸಾಹೇಬ್ರ," ಎಂದಳು.

ನಾನು ಸೇಠ್ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದೆ: ಯಾರೂ ಹೇಳಲಿಲ್ಲವಂತೆ, ಅವರ ಊರಿನ ಪದ್ಧತಿಯಂತೆ, ತಾನೇ ಹಾಕಿದಳಂತೆ.

ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಹೆದರಿದ್ದೆ ಎಂದರೆ ಅರ್ಧ ಸತ್ಯ. ಹೆದರಿಕೆಯ ಜೊತೆಗೆ ಲೆಕ್ಕವೂ ಇತ್ತು: ಆಕೆಗೆ ತಿಳಿಯುವುದಿಲ್ಲ, ಸೇಠ್‌ಗೆ ಕನ್ನಡ ಬರುವುದಿಲ್ಲ, ನಾನು ಏನು ಹೇಳಿದೆನೆಂಬುದು ನನ್ನೊಬ್ಬನಲ್ಲೇ ಉಳಿಯುತ್ತದೆ. ಲಕ್ಷ್ಮವ್ವ ಸೆರಗು ಹೊದ್ದುಕೊಂಡು ಹೊರಗೆ ಹೋದಳು. ಸಂಜೆಯೊಳಗೆ ಆಕೆಯನ್ನು ತೆಗೆದುಹಾಕಿದ್ದಾಯಿತು. ಅಂಧಶ್ರದ್ಧೆಯ ಹೆಂಗಸು, ಮಾಟ ಮಾಡಿ ಕಾಳು ತುಂಬಿದಳು ಎಂದು ಫ್ಲೋರಿನಲ್ಲಿ ಮಾತು ಹಬ್ಬಿತು. ಆಕೆ ಟಾಕು ಕಲಿಸಿದ ಆರು ಜನರೂ ಅದನ್ನೇ ಆಡಿದರು. ಒಬ್ಬಳೇನೋ ನನ್ನ ಕಡೆ ಒಮ್ಮೆ ನೋಡಿದಳು, ನಾನು ಹುಲಿಯ ಮುಖ ಮಾಡಿದೆ.

ಮನೆಯಲ್ಲಿ ಶಾಮಲಾಗೆ ಅರ್ಧ ಬಿಟ್ಟು ಅರ್ಧ ಹೇಳಿದೆ. ಜೋಳ ನಾನೇ ತಂದದ್ದೆಂದೂ ಲಕ್ಷ್ಮವ್ವ ನನ್ನ ಹೆಸರು ಎತ್ತಲಿಲ್ಲವೆಂದೂ ಹೇಳಿದೆ. "ಎಂಥಾ ಹೆಂಗಸು ನೋಡಿ, ನಿಮ್ಮ ಕೆಲಸ ಉಳಿಸಿದ್ಲು," ಎಂದು ಅವಳು ಕಣ್ಣೊರೆಸಿಕೊಂಡಳು. ನಾಚಿಕೆಗೆಟ್ಟ ನಾನು ಮೂರು ತಿಂಗಳು ಆ ಮಾತನ್ನೇ ಹೊದ್ದುಕೊಂಡು ಮಲಗಿದೆ. ಆಕೆ ನನ್ನನ್ನು ಉಳಿಸಿದಳು, ದೊಡ್ಡ ಮನಸ್ಸಿನವಳು, ಹಾಗಿದ್ದ ಮೇಲೆ ಕ್ಷಮಿಸಿಯೂ ಇರುತ್ತಾಳೆ ಎಂದು ನನ್ನಷ್ಟಕ್ಕೆ ನಂಬಿಸಿಕೊಂಡೆ.

ಬಿಚ್ಚಿದ ಬೋಗಳನ್ನು ಬೇರೆಯವರು ಮುಚ್ಚಿದರು. ಮಾಲು ಹೋಯಿತು. ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದಿಂದ ದೂರು ಬಂತು: ಬೋ ಜೋತುಬೀಳುತ್ತಿದೆ, ಗಿರಾಕಿಗಳು ಬೇಸರದಿಂದ ಕಾಗದ ಬರೆಯುತ್ತಿದ್ದಾರೆ. ಒಬ್ಬಳು ಶಾಲೆಯ ಟೀಚರು, ತಾನು ವರ್ಷವಿಡೀ ಕಾದು ತರಿಸಿಕೊಂಡದ್ದೆಂದೂ ಬೋ ಮುದುಡಿದ್ದರಿಂದ ತೊಡಲು ಮನಸ್ಸಾಗಲಿಲ್ಲವೆಂದೂ ಬರೆದಿದ್ದಳು. ಮೊದಲ ಆರುನೂರು ಮಾಡಿದ ಕೈಯೇ ಮಾಡುವುದಾದರೆ ಮುಂದಿನ ಆರ್ಡರು, ಇಲ್ಲದಿದ್ದರೆ ಇಲ್ಲ. ಸೇಠ್ ನನ್ನನ್ನು ಕರೆದು, ಆ ಹೆಂಗಸನ್ನು ಹೇಗಾದರೂ ಮಾಡಿ ವಾಪಸು ಕರೆದುಕೊಂಡು ಬಾ ಎಂದರು.

ಭಾನುವಾರ ಮಧ್ಯಾಹ್ನ ಹೋದೆ. ಮೂರು ತಿಂಗಳಲ್ಲಿ ಮೊದಲ ಸಲ. ಕ್ಷಮೆ ಕೇಳಲು ಹೋದದ್ದಲ್ಲ, ಬೋ ಬೇಕೆಂದು ಹೋದದ್ದು. ದಾನಪ್ಪ ಬಾಗಿಲಲ್ಲಿ ಬೀಡಿ ಸೇದುತ್ತಾ ಕೂತಿದ್ದವನು ನನ್ನನ್ನು ಕಂಡು ಎದ್ದು ಹೊರಗೆ ಹೋದ. ಲಕ್ಷ್ಮವ್ವ ಸ್ಟೂಲು ಒರೆಸಿ ಕೂರಿಸಿ, ಚಹಾ ಕೊಟ್ಟಳು. ಅಕ್ಕಪಕ್ಕದ ಬಿಲ್ಡಿಂಗುಗಳಲ್ಲಿ ಪಾತ್ರೆ ತಿಕ್ಕುವ ಕೆಲಸ ಹಿಡಿದಿದ್ದಳು. ಬೆರಳ ತುದಿಗಳು ನೀರಿನಲ್ಲಿ ನೆನೆದು ಬಿರಿದಿದ್ದವು. ಆ ಬೆರಳನ್ನು ನೋಡುತ್ತಾ ನಾನು ಬೈಯರ ಕಾಗದದ ವಿಷಯ ಹೇಳಿದೆ, ಟೀಚರಿನ ವಿಷಯ ಹೇಳಿದೆ. ಆಕೆಯ ಮುಖ ಅರಳಿತು.

"ತೊಡಲೇ ಇಲ್ಲೇನ್ರಿ? ಪಾಪ," ಎಂದಳು.

ಅದೇ ಧೈರ್ಯದ ಮೇಲೆ ನಾನು, ಮೂರು ತಿಂಗಳು ಹೊದ್ದು ಮಲಗಿದ ಸುಳ್ಳು ನನಗೇ ನಿಜವೆನಿಸಿ, "ಅವತ್ತು ನೀವು ನನ್ನ ಹೆಸರು ಹೇಳಲಿಲ್ಲ, ಅದನ್ನ ನಾನು ಮರೆಯೋದಿಲ್ಲ," ಎಂದುಬಿಟ್ಟೆ.

ಲಕ್ಷ್ಮವ್ವ ಚಹಾದ ಲೋಟ ಕೆಳಗಿಟ್ಟಳು.

"ನಾ ಹೇಳಿದ್ನಲ್ರಿ. ನೀವು ಹೇಳಲಿಲ್ಲ. ನನಗ ಹಿಂದಿ ತಿಳಿತದ್ರಿ ಸಾಹೇಬ್ರ. ಮಾತಾಡಾಕ ನಾಲಿಗಿ ಹೊಳ್ಳೂದಿಲ್ಲ ಅಷ್ಟ."

ಗೋಡೆಯಾಚೆ ಯಾರೋ ರೇಡಿಯೋ ಹಾಕಿದ್ದರು. ನಾನು ತಲೆ ತಗ್ಗಿಸಿ ಕೂತೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡೇ ಅವತ್ತು ಸೆರಗು ಹೊದ್ದು ಹೊರಟಿದ್ದಳು. ತಪ್ಪಾಯಿತು ಎಂದು ಕೊನೆಗೂ ಅಂದೆ. ಅಂದದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ.

"ಬರತೀನ್ರಿ," ಎಂದಳು ಆಕೆ. "ಪಾತ್ರಿ ತಿಕ್ಕಿ ತಿಕ್ಕಿ ಸೂಜಿ ಹಿಡಿಯೂದು ಮರತೀನೇನೋ ಅನಸಾಕತ್ತದ. ಆದರ ಒಂದು ಮಾತು. ಆ ಬಾಯಾರೆಲ್ಲಾ ನನ್ನ ಮಾಟಗಾತಿ ಅಂದಾರ. ಅವರೆಲ್ಲಾರ ಮುಂದ, ಸೇಠ್ ಮುಂದ, ನಾನ ಹಾಕಾಕ ಹೇಳಿದ್ದೆ ಅಂತ ನೀವು ಹಿಂದ್ಯಾಗ ಹೇಳಬೇಕು. ಅಷ್ಟ ಹೇಳ್ರಿ, ಮತ್ತೇನೂ ಬ್ಯಾಡ."

"ಹೇಳ್ತೀನಿ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ. ನಿಮ್ಮೆದುರಿಗೇ ಹೇಳ್ತೀನಿ."

ಬಾಗಿಲವರೆಗೆ ಬಂದು ಕಳಿಸಿಕೊಟ್ಟಳು. ಸ್ಟೇಷನ್ನಿಗೆ ನಡೆಯುತ್ತಾ ನನ್ನ ಎದೆ ನಿಜಕ್ಕೂ ಹಗುರಾಗಿತ್ತು. ಹೇಳಿಯೇ ಬಿಡುತ್ತೇನೆಂದು ನನಗೆ ಪೂರ್ತಿ ನಂಬಿಕೆಯಿತ್ತು. ಇದನ್ನು ಯಾರೂ ನಂಬದಿದ್ದರೂ ಬರೆದಿಡುತ್ತೇನೆ.

ಸೋಮವಾರ ಎಂಟೂವರೆಗೇ ಸೇಠ್ ಕ್ಯಾಬಿನ್ನಿಗೆ ಹೋದೆ. ಆಕೆ ಬರುವ ಮೊದಲೇ ಅವರ ಕಿವಿಗೆ ಒಂದು ಮಾತು ಹಾಕಿ ಹದ ಮಾಡೋಣ ಎಂದು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಶುರು ಮಾಡಿದರು. ಮಲಾಡಿನಲ್ಲಿ ಹೊಸ ಯೂನಿಟ್ ತೆರೆಯುತ್ತಿದ್ದೇನೆ, ಅದಕ್ಕೆ ಮ್ಯಾನೇಜರ್ ನೀನೇ ಎಂದರು. ಸೆಪ್ಟೆಂಬರಿನ ಗಲಾಟೆಯಲ್ಲಿ ನಿನ್ನ ಊರಿನ ಭಾಷೆಯವಳೆಂದು ಕೂಡ ನೋಡದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅಂಥ ಮನುಷ್ಯ ನನಗೆ ಬೇಕು ಎಂದರು. ಚಹಾ ತರಿಸಿದರು. ಹದಿಮೂರು ವರ್ಷದಲ್ಲಿ ಆ ಕ್ಯಾಬಿನ್ನಿನಲ್ಲಿ ನಾನು ಕೂತು ಚಹಾ ಕುಡಿದದ್ದು ಅದೇ ಮೊದಲು.

"ವೋ ಬಾಯಿ ಕಾ ಕ್ಯಾ ಹುವಾ?" ಎಂದು ಆ ಹೆಂಗಸಿನ ವಿಷಯ ಕೇಳಿದರು.

ಬರುವುದಿಲ್ಲವಂತೆ, ಬೇರೆ ಕಡೆ ಕೆಲಸ ಹಿಡಿದಿದ್ದಾಳೆ, ಬಹಳ ಜಂಭ ಮಾಡಿದಳು ಎಂದೆ. ಅದನ್ನು ಮೊದಲೇ ಕಲಿತು ಬಂದವನ ಹಾಗೆ ಎಲ್ಲೂ ತಡೆಯದೆ ಹೇಳಿದೆ. ಸೇಠ್ ಹೋಗಲಿ ಬಿಡು ಎಂದರು, ಹೊಸ ಯೂನಿಟ್ಟಿನ ನಕ್ಷೆ ಬಿಚ್ಚಿದರು.

ಒಂಬತ್ತಕ್ಕೆ ಐದು ನಿಮಿಷ ಇರುವಾಗ ಗೇಟಿನಿಂದ ಫೋನು ಬಂತು. ಸೇಠ್ ನಕ್ಷೆಯಿಂದ ತಲೆಯೆತ್ತದೆ ನನಗೆ ಎತ್ತಲು ಸನ್ನೆ ಮಾಡಿದರು. ಲಕ್ಷ್ಮವ್ವ ಬಂದಿದ್ದಾಳೆ, ನಾಣಿ ಸಾಬ್ ಕರೆದಿದ್ದಾರೆ ಎನ್ನುತ್ತಿದ್ದಾಳೆ, ಬಿಡಲಾ ಎಂದು ವಾಚ್‌ಮನ್ ಕೇಳಿದ. ಅವನ ಹಿಂದೆಯೇ ಆಕೆಯ ಧ್ವನಿ ಕೇಳುತ್ತಿತ್ತು. ಹಿಂದಿ ಮಾತಾಡುತ್ತಿದ್ದಳು, ತಡೆದು ತಡೆದು, ಒಂದೊಂದೇ ಶಬ್ದ ಹುಡುಕಿಕೊಂಡು.

"ನಹೀ," ಎಂದೆ. "ಮೈನೇ ಕಿಸೀ ಕೋ ನಹೀ ಬುಲಾಯಾ." ನಾನು ಯಾರನ್ನೂ ಕರೆದಿಲ್ಲ ಎಂದು.

ಯಾರು ಎಂದು ಸೇಠ್ ಕೇಳಿದರು. ದಾರ ಮಾರುವವನು ಎಂದೆ.

ಹತ್ತಕ್ಕೆ ಫ್ಲೋರಿನ ಕಿಟಕಿಯಿಂದ ನೋಡಿದೆ. ರಸ್ತೆಯಾಚೆ ಪಾನ್ ಅಂಗಡಿಯ ಪಕ್ಕ ಹಬ್ಬದ ಸೀರೆ ಉಟ್ಟುಕೊಂಡು, ಕೈಯಲ್ಲಿ ಡಬ್ಬಿ ಹಿಡಿದು ನಿಂತಿದ್ದಳು. ಊಟದ ಹೊತ್ತಿಗೆ ನೋಡಿದೆ, ಅಲ್ಲೇ ಇದ್ದಳು. ವಾಚ್‌ಮನ್ನನಿಂದ ಏನೋ ತಪ್ಪಾಗಿದೆ, ನಾನೇ ಇಳಿದು ಬರುತ್ತೇನೆ ಎಂದುಕೊಂಡಿರಬೇಕು. ನಾಲ್ಕು ಗಂಟೆಗೆ ನೋಡಿದಾಗಲೂ ಇದ್ದಳು. ಆಮೇಲೆ ನಾನು ಕಿಟಕಿಯ ಹತ್ತಿರ ಹೋಗಲಿಲ್ಲ. ಸಂಜೆ ಎಸ್ಟೇಟಿನ ಹಿಂದಿನ ಗೇಟಿನಿಂದ ಇಳಿದು ಸ್ಟೇಷನ್ನಿಗೆ ಹೋದೆ.